ಗ್ಯಾರೇಜಲ್ಲಿ ವಿಮಾನ ಕಟ್ಟಿದವರೇ, ದುಡ್ಡು ಹೆಂಗೆ ಹೊಂದಿಸಿದ್ರಿ?

ಎಲ್ರಿಗೂ ನಮಸ್ಕಾರ. ನಾವಿರೋದು ವಾಷಿಂಗ್ಟನ್ ಸ್ಟೇಟಿನ ವ್ಯಾಂಕೂವರಲ್ಲಿ, ಪೋರ್ಟ್‌ಲ್ಯಾಂಡ್‌ಗೆ ಹೊಳೆ ದಾಟಿದ್ರೆ ಆಯ್ತು. ಸಾಫ್ಟ್‌ವೇರ್ ಕೆಲಸ, ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. ವ್ಯಾನ್ಸ್ ಕಂಪನಿಯ ಆರ್‌ವಿ-7 ಅನ್ನೋ ಎರಡು ಸೀಟಿನ ವಿಮಾನದ ಕಿಟ್ (ಬಿಡಿ ಭಾಗಗಳು) ತಂದು ಮನೇಲೇ ಕಟ್ಟೋಣ ಅಂತ ಬಹಳ ದಿನದ ಆಸೆ. ಬಾಲದ ಕಿಟ್ಟಿಗೆ ಆಗೋವಷ್ಟು ದುಡ್ಡು ಕೈಲಿದೆ. ಮಿಕ್ಕಿದ್ದಕ್ಕೆ ಮನೆ ಮೇಲೆ ಹೀಲಾಕ್ ಸಾಲ (ಮನೆ ಅಡವಿಟ್ಟು ಬೇಕಾದಾಗ ಬೇಕಾದಷ್ಟು ತೆಗೆಯೋದು) ತೆಗೀಲಾ, 401ಕೆ (ಕಂಪನಿ ಮೂಲಕ ಕೂಡಿಡೋ ರಿಟೈರ್‌ಮೆಂಟ್ ದುಡ್ಡು) ಇಂದ ತಗೊಳ್ಲಾ, ಇಲ್ಲ ಸಂಬಳದಲ್ಲೇ ಎಳೀಲಾ? ಹೆಂಡ್ತಿದು ಒಂದೇ ಕಂಡಿಷನ್, ಮಕ್ಕಳ ಕಾಲೇಜ್ ದುಡ್ಡು ಮುಟ್ಟೋ ಹಂಗಿಲ್ಲ. ನೀವೆಲ್ಲ ಹೆಂಗೆ ಮಾಡಿದ್ರಿ, ಸ್ವಲ್ಪ ಬಿಡಿಸಿ ಹೇಳಿ.

ಟೆಕ್ಸಾಸಿಂದ:
ಸಂಬಳದಲ್ಲೇ ಎಳೀರಿ ಸಾರ್. ಕಿಟ್ ವಿಮಾನದ ದೊಡ್ಡ ಅನುಕೂಲ ಅಂದ್ರೆ ಎಲ್ಲಾ ಒಟ್ಟಿಗೆ ಕೊಳ್ಳಬೇಕಾಗಿಲ್ಲ, ಮೊದಲು ಬಾಲ, ಆಮೇಲೆ ರೆಕ್ಕೆ, ಆಮೇಲೆ ಬಾಡಿ, ಅದಾದ್ಮೇಲೆ ಫಿನಿಷ್ ಕಿಟ್ (ಮೇಲಿನ ಗಾಜು, ಚಕ್ರ ಇತ್ಯಾದಿ), ಒಂದನ್ನ ಕಟ್ಟಿ ಮುಗಿಸೋ ಹೊತ್ತಿಗೆ ಮುಂದಿನದಕ್ಕೆ ದುಡ್ಡು ಸೇರಿರತ್ತೆ. ನಾನು ಇದಕ್ಕಂತಲೇ ಬೇರೆ ಅಕೌಂಟ್ ಮಾಡಿ ಸಂಬಳ ಬಂದ ದಿನವೇ ಇಷ್ಟು ಅಂತ ಅದಕ್ಕೆ ಹೋಗೋ ಹಂಗೆ ಹಾಕಿದ್ದೆ, ಬೋನಸ್ ಬಂದ್ರೆ ಅದೂ ಅಲ್ಲಿಗೇ.

ಆದ್ರೆ ಒಂದು ವಿಷಯ ಈಗಲೇ ತಲೇಲಿ ಇಟ್ಕೊಳ್ಳಿ. ಬಾಲ ರೆಕ್ಕೆ ಕಟ್ಟೋವಾಗ ಕೆಲಸ ಜಾಸ್ತಿ ಖರ್ಚು ಕಮ್ಮಿ, ಕೊನೆಗೆ ಬರ್ತಾ ಬರ್ತಾ ಪೂರ್ತಿ ಉಲ್ಟಾ. ನನ್ನ ಅಂದಾಜಲ್ಲಿ ಕಿಟ್ ಒಂದು ಪಾಲಾದ್ರೆ ಎಂಜಿನ್ನು ಪ್ರೊಪೆಲ್ಲರ್ ಸೇರಿ ಇನ್ನೊಂದು ಪಾಲು, ಪ್ಯಾನಲ್ಲು (ಪೈಲಟ್ ಮುಂದಿರೋ ಮೀಟರು ಸ್ಕ್ರೀನು) ಪೇಂಟು ಸೀಟು ವೈರಿಂಗು ಇತ್ಯಾದಿ ಮೂರನೇದು. ಹೊಸ ಲೈಕಮಿಂಗ್ ಎಂಜಿನ್ ಒಂದಕ್ಕೇ ಐವತ್ತು ಸಾವಿರ ಡಾಲರ್ ಆಸುಪಾಸು ಅಂತ ಲೆಕ್ಕ ಹಿಡ್ಕೊಳ್ಳಿ. ಗ್ಯಾರೇಜಲ್ಲಿ ಎಂಜಿನ್ ಇಲ್ದೆ ಧೂಳು ತಿಂತಾ ಕೂತಿರೋ ಬಾಡಿ ಎಷ್ಟೋ ನೋಡಿದೀನಿ, ಎಲ್ರೂ ನಿಂತಿರೋದು ಇದೇ ಜಾಗದಲ್ಲಿ. ಆದ್ದರಿಂದ ಬಾಲ ಕಟ್ಟೋವಾಗ್ಲೇ ಎಂಜಿನ್ ದುಡ್ಡು ಕೂಡಿಡೋಕೆ ಶುರು ಮಾಡಿ. ಪ್ಯಾನಲ್ ಮಾತ್ರ ಕಟ್ಟಕಡೆಗೆ ತಗೊಳ್ಳಿ, ಗಾರ್ಮಿನ್ ಆಗ್ಲಿ ಡೈನಾನ್ ಆಗ್ಲಿ, ಇವತ್ತು ತಂದು ಅಟ್ಟದ ಮೇಲಿಟ್ರೆ ಹಾರೋ ಹೊತ್ತಿಗೆ ವಾರಂಟಿನೂ ಮುಗಿದಿರತ್ತೆ, ಮಾಡೆಲ್ಲೂ ಹಳೇದಾಗಿರತ್ತೆ.

ಟೂಲ್ಸ್ ಹೊಸದು ತಗೋಬೇಡಿ. ತಗಡಿನ ತೂತುಗಳನ್ನ ರಿವೆಟ್ ಹೊಡೆಯೋ ತನಕ ಜೋಡಿಸಿ ಹಿಡಿಯೋಕೆ ಕ್ಲೀಕೋ ಅಂತ ಸಣ್ಣ ಸ್ಪ್ರಿಂಗ್ ಪಿನ್ನು ಬರತ್ತೆ, ಒಂದು ರೆಕ್ಕೆಗೇ ನೂರಾರು ಬೇಕು. ಕಟ್ಟಿ ಮುಗಿಸಿದೋರ ಹತ್ರ ಸೆಟ್ ತಗೊಂಡು, ನಿಮ್ಮದು ಮುಗಿದ್ಮೇಲೆ ಹೆಚ್ಚು ಕಮ್ಮಿ ಅದೇ ರೇಟಿಗೆ ಮಾರಬಹುದು.

ಓಹಾಯೋದಿಂದ:
ಸಾಲದ ಬಗ್ಗೆ ನಾನು ಹೇಳ್ತೀನಿ. ಅರ್ಧ ಕಟ್ಟಿದ ವಿಮಾನ ಇಟ್ಕೊಂಡು ಸಾಲ ಕೊಡಿ ಅಂದ್ರೆ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪಲ್ಲ, ಅದಕ್ಕೇ ಎಲ್ರೂ ಮನೆ ಕಡೆ ನೋಡೋದು. ನಾನು ಹೀಲಾಕ್ ತೆಗೆದೆ, ಎಂಜಿನ್ನಿಗೆ ಮಾತ್ರ, ಅದೂ ಎರಡು ಬೋನಸ್ಸಲ್ಲಿ ತೀರೋ ಅಷ್ಟು. ಇದರ ಬಡ್ಡಿ ಪ್ರೈಮ್ ರೇಟ್ (ಬ್ಯಾಂಕುಗಳ ಮೂಲ ಬಡ್ಡಿ ದರ) ಜೊತೆ ಓಡತ್ತೆ. 2022ರ ಶುರುವಲ್ಲಿ ಪ್ರೈಮ್ 3.25% ಇತ್ತು, 2023ರ ಜುಲೈಗೆ 8.5%. ಅಷ್ಟೂ ಖರ್ಚನ್ನ ಇದರ ಮೇಲೆ ಹಾಕಿದೋರ ಕಂತು ಎಲ್ಲಿಗೆ ಹೋಯ್ತು ನೀವೇ ಲೆಕ್ಕ ಹಾಕಿ. ಬಡ್ಡಿಗೆ ಟ್ಯಾಕ್ಸಲ್ಲಿ ವಿನಾಯ್ತಿ ಸಿಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಆ ದುಡ್ಡು ಮನೆಗೇ ಹಾಕಿದ್ರೆ ಮಾತ್ರ ಅದು, ಗ್ಯಾರೇಜಿನ ಒಳಗಿರೋ ವಿಮಾನಕ್ಕಲ್ಲ.

401ಕೆ ಸಾಲ ನಿಮ್ಮ ಹೆಸರಿಗಾಗಿರೋ ದುಡ್ಡಲ್ಲಿ ಅರ್ಧ ಇಲ್ಲಾ 50,000 ಡಾಲರ್, ಯಾವುದು ಕಮ್ಮಿಯೋ ಅಷ್ಟು, ಐದು ವರ್ಷದಲ್ಲಿ ತೀರಿಸಬೇಕು. ಬಡ್ಡಿ ನಿಮಗೇ ವಾಪಸ್ ಬರತ್ತೆ ನಿಜ, ಆದ್ರೆ ಕೆಲಸ ಹೋದ್ರೆ ಉಳಿದ ಸಾಲವನ್ನ ಆ ವರ್ಷದ ಟ್ಯಾಕ್ಸ್ ಫೈಲ್ ಮಾಡೋ ಗಡುವಿನೊಳಗೆ ಹೊಂದಿಸಬೇಕು, ಇಲ್ಲಾಂದ್ರೆ ಟ್ಯಾಕ್ಸು, ಮೇಲೆ ವಯಸ್ಸು ನೋಡಿ ದಂಡ. ನಮ್ಮ ಫೀಲ್ಡಲ್ಲಿ ಲೇಆಫ್ ಯಾವಾಗ ಬರತ್ತೋ ಯಾರಿಗ್ಗೊತ್ತು. ನಾನಂತೂ ಅದನ್ನ ಮುಟ್ಟಲಿಲ್ಲ.

ಕ್ಯಾಲಿಫೋರ್ನಿಯಾದಿಂದ, ಮೂಲ ಧಾರವಾಡ:
ಇಷ್ಟೊತ್ತಿನ ತನಕ ಅಡ್ವಾನ್ಸಿನ ಸುದ್ದಿ ಯಾರೂ ತಗದಿಲ್ಲ ನೋಡ್ರಿ. 2023ರ ಡಿಸೆಂಬರ್‌ದಾಗ ಇದೇ ವ್ಯಾನ್ಸ್ ಕಂಪನಿ ಚಾಪ್ಟರ್ 11ಕ್ಕ (ದಿವಾಳಿ ಕಾನೂನಿನಾಗ ಸಾಲ ಹೊಂದಿಸಿಕೊಂಡು ಕಂಪನಿ ನಡಸೋ ದಾರಿ) ಹೋಗಿತ್ತು. ಲೇಸರ್‌ಲೆ ಕೊರದ ತೂತಿನಾಗ ಬಿರುಕು ಬರ್ತಾವು ಅಂತ ಒಂದು ತಕರಾರು, ಒಂದಿಷ್ಟು ಕಟ್ಟೇ ಬರೋ ಕ್ವಿಕ್‌ಬಿಲ್ಡ್ ಕಿಟ್ಟಿನಾಗ ತುಕ್ಕಿಂದು ಇನ್ನೊಂದು. ಮೊದಲ ಅಡ್ವಾನ್ಸ್ ಕೊಟ್ಟಾವ್ರಿಗೂ ಹೊಸ ರೇಟಿಗೆ ಒಪ್ಪಿಕೋರಿ ಅಂದ್ರು, ಕಿಟ್ಟಿನ ರೇಟು ಸರಾಸರಿ ಮೂರನೇ ಒಂದು ಪಾಲಿನಷ್ಟು ಏರಿತ್ತು. ಬೆಂಗಳೂರಾಗ ಕಟ್ಟಾಕತ್ತಿದ್ದ ಫ್ಲ್ಯಾಟಿಗೆ ದುಡ್ಡು ಕೊಟ್ಟು ಬಿಲ್ಡರ್ ಕೈ ಎತ್ತಿದ ಮ್ಯಾಲೆ ಕೋರ್ಟಿನ ಸಾಲಿನಾಗ ನಿಂದ್ರತಾರಲ್ಲ, ಇಲ್ಲೂ ಅಡ್ವಾನ್ಸ್ ಕೊಟ್ಟಾವ್ರು ಹಂಗ ಸಾಲಿನಾಗ ನಿಂದ್ರಬೇಕು, ಹಕ್ಕು ಮಾತ್ರ ಎರಡೂ ಕಡೆ ಒಂದೇ ಅಲ್ಲ. 2024ರಾಗ ಕಂಪನಿ ಅದರಿಂದ ಹೊರಗ ಬಂದೈತಿ, ಕಿಟ್ಟೂ ಬರಾಕತ್ತಾವ. ತಗೋಬ್ಯಾಡ್ರಿ ಅನ್ನಂಗಿಲ್ಲ, ಆದ್ರ ಒಮ್ಮೆಗೇ ನಾಕು ಕಿಟ್ಟಿಗೆ ಅಡ್ವಾನ್ಸ್ ಕೊಡಬ್ಯಾಡ್ರಿ. ಒಂದು ಮನಿಗೆ ಬಂದು, ಡಬ್ಬಿ ತಗದು ಪಟ್ಟಿ ಹಿಡದು ಎಣಿಸಿ, ಆಮ್ಯಾಲೆ ಮುಂದಿಂದು.

ಮಿಶಿಗನ್‌ನಿಂದ:
ನಮ್ಮನೇಲಿ ಆ ಕಂಡಿಷನ್ ಹಾಕಿದ ಹೆಂಡ್ತಿ ನಾನೇ 😀 ಇವರು ರಿವೆಟ್ ಗನ್ ಹಿಡಿದ್ರೆ ಒಳಗಿಂದ ಬಕಿಂಗ್ ಬಾರ್ (ರಿವೆಟ್ಟಿನ ಹಿಂದೆ ಇಡೋ ಭಾರದ ಲೋಹದ ತುಂಡು) ಒತ್ತಿ ಹಿಡಿಯೋದು ನನ್ನ ಕೆಲಸ, ಕೈ ಜೋಮು ಹಿಡಿಯತ್ತೆ, ಬಾರ್ ಒಂಚೂರು ವಾಲಿದ್ರೂ ರಿವೆಟ್ ತಲೆ ಸೊಟ್ಟ, ಕೊರೆದು ತೆಗೆದು ಇನ್ನೊಂದು ಹಾಕಬೇಕು. ಲೆಕ್ಕದ ಪುಸ್ತಕವೂ ನನ್ನದೇ. ಕಟ್ಟೋಕೆ ಎಷ್ಟಾಗತ್ತೆ ಅಂತ ಎಲ್ರೂ ಕೇಳ್ತಾರೆ, ಕಟ್ಟಿದ್ಮೇಲೆ ಇಟ್ಕೊಳ್ಳೋಕೆ ಎಷ್ಟು ಅಂತ ಯಾರೂ ಕೇಳಲ್ಲ. ಹ್ಯಾಂಗರ್ ಬಾಡಿಗೆ ತಿಂಗಳು ತಿಂಗಳು. ಇನ್ಶೂರೆನ್ಸ್. ಮೊದಲ ಹಾರಾಟಕ್ಕೆ ಮುಂಚೆ ಅದೇ ಮಾಡೆಲ್ ವಿಮಾನದಲ್ಲಿ ಟ್ರೈನಿಂಗ್, ಅದಿಲ್ದೆ ಇನ್ಶೂರೆನ್ಸ್ ಕಂಪನಿ ಸುಲಭಕ್ಕೆ ಬಗ್ಗಲ್ಲ. ಆಮೇಲೆ ಟೆಸ್ಟ್ ಹಾರಾಟ ಸಾಮಾನ್ಯವಾಗಿ 25 ಗಂಟೆ ಇಲ್ಲ 40 ಗಂಟೆ, ಪ್ಯಾಸೆಂಜರ್ ಕೂರಿಸೋ ಹಂಗಿಲ್ಲ, ಪೆಟ್ರೋಲ್ ಮಾತ್ರ ಸುರೀತಾ ಇರಬೇಕು. ಗ್ಯಾರೇಜಲ್ಲಿರೋ ತನಕವೂ ಮನೆ ಇನ್ಶೂರೆನ್ಸ್ ಸಾಮಾನ್ಯವಾಗಿ ವಿಮಾನದ ಭಾಗಗಳಿಗೆ ಬರಲ್ಲ, ಕಟ್ಟೋರಿಗೆ ಬೇರೆ ಪಾಲಿಸಿ ಇದೆ, ಮಾಡಿಸಿ. ಒಂದೇ ಸಮಾಧಾನ, ಕಟ್ಟಿದೋರಿಗೆ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ರಿಪೇರ್‌ಮ್ಯಾನ್ ಸರ್ಟಿಫಿಕೇಟ್ ಕೊಡತ್ತೆ, ವರ್ಷ ವರ್ಷದ ಇನ್‌ಸ್ಪೆಕ್ಷನ್ ನಾವೇ ಮಾಡ್ಕೋಬಹುದು. ಆ ಉಳಿತಾಯ ಪ್ರತಿ ವರ್ಷ ಕಣ್ಣಿಗೆ ಕಾಣತ್ತೆ.

ನ್ಯೂಜೆರ್ಸಿಯಿಂದ:
ಯಾರೋ ಅರ್ಧಕ್ಕೆ ಬಿಟ್ಟ ಕಿಟ್ ಕೊಂಡ್ಕೊಳ್ಳೋದೂ ಒಂದು ದಾರಿ, ಬಿಡಿ ಭಾಗದ ಬೆಲೆಗಿಂತ ಎಷ್ಟೋ ಕಮ್ಮಿಗೆ ಸಿಗತ್ತೆ. ಆದ್ರೆ ಹಳಬರ ಬಿಲ್ಡರ್ ಲಾಗು (ಕಟ್ಟಿದ ಕೆಲಸದ ದಾಖಲೆ), ಫೋಟೋ, ಬಿಲ್ಲು ಎಲ್ಲಾ ಕೈಗೆ ಬರಬೇಕು, ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳೇ ಮಾಡಿದ್ದು ಅಂತ ಎಫ್‌ಎಎಗೆ ತೋರಿಸಬೇಕಲ್ಲ, ಅದಕ್ಕೆ. ದುಡ್ಡು ಕೊಡೋ ಮುಂಚೆ ಇಎಎ (ವಿಮಾನ ಕಟ್ಟೋ ಹವ್ಯಾಸಿಗಳ ಸಂಘ) ಚಾಪ್ಟರಿನ ಟೆಕ್ನಿಕಲ್ ಕೌನ್ಸಿಲರ್ ಒಬ್ಬರನ್ನ ಕರ್ಕೊಂಡು ಹೋಗಿ ತೋರ್ಸಿ, ಅವರು ಫೀಸ್ ತಗೊಳಲ್ಲ. ಇನ್ನೊಂದು, ನಿಮಗೆ ಗ್ರೀನ್ ಕಾರ್ಡ್ ಆಗಿದ್ಯಾ? ಎಚ್-1ಬಿಯಲ್ಲಿ ಇದ್ರೆ ವಿಮಾನ ನಿಮ್ಮ ಹೆಸರಲ್ಲಿ ರಿಜಿಸ್ಟರ್ ಆಗಲ್ಲ, ಟ್ರಸ್ಟ್ ಮೂಲಕ ಮಾಡಬೇಕು, ಅದಕ್ಕೆ ಬೇರೆ ವರ್ಷಕ್ಕಿಷ್ಟು ಅಂತ ಖರ್ಚು. ಮತ್ತೆ ಫ್ಯಾಕ್ಟರಿ ಒರೆಗಾನ್‌ನಲ್ಲಿದೆ, ಅಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ ಅಂತ ಖುಷಿ ಪಡಬೇಡಿ, ನೀವಿರೋದು ವಾಷಿಂಗ್ಟನ್, ಯೂಸ್ ಟ್ಯಾಕ್ಸ್ (ಹೊರಗೆ ಸೇಲ್ಸ್ ಟ್ಯಾಕ್ಸ್ ಇಲ್ದೆ ಕೊಂಡು ತಂದಿದ್ದಕ್ಕೆ ನಿಮ್ಮ ಸ್ಟೇಟ್ ಹಾಕೋ ತೆರಿಗೆ) ಕಟ್ಟಲೇಬೇಕು.

ಪ್ರಶ್ನೆ ಕೇಳಿದವರು:
ಗ್ರೀನ್ ಕಾರ್ಡ್ ಹೋದ ವರ್ಷ ಬಂತು, ಬಚಾವ್. ಯೂಸ್ ಟ್ಯಾಕ್ಸ್ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ, ಸೇರಿಸ್ಕೊಂಡೆ. ಎಲ್ಲಾ ಓದಿ ಹೆಂಡ್ತಿಗೂ ತೋರ್ಸಿದೆ, ಮಿಶಿಗನ್ ಮೇಡಂ ಬರೆದಿದ್ದನ್ನ ಎರಡು ಸಲ ಓದಿದ್ಲು. ಈಗಿನ ತೀರ್ಮಾನ, ಬಾಲದ ಕಿಟ್ ಮಾತ್ರ ಆರ್ಡರ್, ಇವತ್ತಿಂದ್ಲೇ ಎಂಜಿನ್ನಿಗೆ ಬೇರೆ ಅಕೌಂಟು, ಹೀಲಾಕ್ ಮಾತು ರೆಕ್ಕೆ ಮುಗಿಯೋ ತನಕ ಎತ್ತೋ ಹಂಗಿಲ್ಲ. ಟೆಕ್ಸಾಸ್ ಸಾರ್, ಆ ಕ್ಲೀಕೋ ಸೆಟ್ ಇನ್ನೂ ನಿಮ್ಮ ಹತ್ರ ಇದ್ಯಾ?

ಟೆಕ್ಸಾಸಿಂದ:
ಇದೆ. ರಿವೆಟ್ ಗನ್ನೂ ಇದೆ. ಶಿಪ್ಪಿಂಗ್ ನಿಮ್ಮದು.