ಜಾಜ್‌ಗೆ ಸಣ್ಣ ಡ್ರಮ್ ಸೆಟ್: ಬೇಸ್ ಡ್ರಮ್ 18 ಇಂಚೋ 20 ಇಂಚೋ?

ಕಾಸರಗೋಡಿನಿಂದ ಪ್ರಶ್ನೆ: ಸಣ್ಣ ಸಭಾಂಗಣದಲ್ಲಿ ಪಿಯಾನೊ, ಡಬಲ್ ಬೇಸ್ ಜತೆ ನುಡಿಸಲು ಬೇಸ್ ಡ್ರಮ್ (ಕಾಲಿನ ಪೆಡಲಿನಿಂದ ಹೊಡೆಯುವ ದೊಡ್ಡ ಡ್ರಮ್) ಯಾವ ಅಳತೆಯದು ಒಳ್ಳೆಯದು?

ಕುಂಬಳೆ: ಜಾಜ್ ಮಾತ್ರ ಆದರೆ 18 ಸಾಕು ಮಾರಾಯ್ರೆ. ಜತೆಗೆ 12 ಇಂಚಿನ ಟಾಮ್ (ಕೋಲಿನಿಂದ ನುಡಿಸುವ ಸಣ್ಣ ಡ್ರಮ್), 14ರ ಫ್ಲೋರ್ ಟಾಮ್ (ನೆಲದ ಮೇಲೆ ಕಾಲೂರಿ ನಿಲ್ಲುವ ಟಾಮ್), 14ರ ಸ್ನೇರ್ (ಅಡಿಯಲ್ಲಿ ತಂತಿಗಳಿರುವ, ಚುರುಕು ನಾದದ ಡ್ರಮ್). ಬೇಸ್ ಡ್ರಮ್ಮಿನೊಳಗೆ ದಿಂಬು ತುರುಕಬೇಡಿ, ನಾದ ಸತ್ತು ಬರೀ ‘ದಪ್’ ಉಳಿಯುತ್ತದೆ. ಹೊಡೆಯುವ ಹೆಡ್ಡಿನ (ಡ್ರಮ್ಮಿಗೆ ಬಿಗಿದ ಹಾಳೆಯ) ಒಳಬದಿಗೆ ಒಂದು ಫೆಲ್ಟ್ ಪಟ್ಟಿ ಎಳೆದು ಕಟ್ಟಿದರಾಯಿತು. ಡ್ರಮ್ ಗಿಡ್ಡವಾದ್ದರಿಂದ ಪೆಡಲಿನ ಬೀಟರ್ ನಡುವಿಗಿಂತ ಮೇಲೆ ಬಡಿಯುತ್ತದೆ. ಅಡಿಗೆ ಡ್ರಮ್ಮನ್ನು ಎತ್ತರಿಸುವ ರೈಸರ್ ಬೇಕೇ ಬೇಕು.

ಮಂಜೇಶ್ವರ: ಸಿನಿಮಾ ಹಾಡಿಗೂ ಬೇಕಾದರೆ 20 ತಗೊಳ್ಳಿ. 18ನ್ನು ಎಷ್ಟು ಸಡಿಲಿಸಿದರೂ ಆ ಗುಡುಗು ಬರದು, ಹೆಡ್ ಸುಕ್ಕುಗಟ್ಟುತ್ತದೆ ಅಷ್ಟೇ. ಬ್ರಷ್‌ಗೆ (ಕೋಲಿನ ಬದಲು ಉಜ್ಜಿ ನುಡಿಸುವ ತಂತಿ ಕುಂಚಕ್ಕೆ) ಸ್ನೇರ್ ಹೆಡ್ ಕೋಟೆಡ್ (ಮೇಲೆ ಒರಟು ಲೇಪನವಿರುವಂಥದು) ಇರಲಿ. ನುಣುಪಾದದ್ದರಲ್ಲಿ ‘ಸರ್ರ್’ ಏಳುವುದಿಲ್ಲ.

ಕುಂಬಳೆ: ಹೌದು. ಆಟಿ ಮಳೆಗೆ ಟೆನ್ಶನ್ ರಾಡ್ (ಹೆಡ್ ಬಿಗಿಯುವ ತಿರುಪು) ತುಕ್ಕು ಹಿಡಿಯುತ್ತದೆ, ಅದರ ತಿರುಪಿನ ಸುತ್ತುಗಳಿಗೆ ಒಂದೊಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ.