ಅಪ್‌ಡೇಟ್: ಫ್ಯಾನ್ ತಿರುಗಿ ಎರಡೇ ಸೆಕೆಂಡಿಗೆ ಆಫ್ ಆಗುತ್ತಿದ್ದ ಹಳೇ ಡೆಸ್ಕ್‌ಟಾಪ್

ಮೊದಲು ಕೇಳಿದ್ದು ಇದು: ಪವರ್ ಬಟನ್ ಒತ್ತಿದರೆ ಫ್ಯಾನ್ ಎರಡು ಸೆಕೆಂಡ್ ತಿರುಗಿ ನಿಲ್ಲುತ್ತದೆ, ಮತ್ತೆ ತಾನೇ ಶುರುವಾಗುತ್ತದೆ, ಬೀಪ್ ಇಲ್ಲ, ಡಿಸ್‌ಪ್ಲೇ ಇಲ್ಲ. ಈಗ ಸರಿಹೋಗಿದೆ.

ಎಲ್ಲರೂ ಹೇಳಿದಂತೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪವರ್ ಸಪ್ಲೈ) ಮೇಲೇ ಅನುಮಾನವಿತ್ತು. ಮದರ್‌ಬೋರ್ಡಿನಿಂದ 24 ಪಿನ್ ಕನೆಕ್ಟರ್ ಬಿಚ್ಚಿ, ಎಸ್‌ಎಂಪಿಎಸ್ ಒಂದನ್ನೇ ಚಾಲೂ ಮಾಡಲು ಅದರ ಹಸಿರು ವೈರನ್ನು ಕಪ್ಪು ವೈರಿಗೆ ಪೇಪರ್ ಕ್ಲಿಪ್‌ನಿಂದ ಜೋಡಿಸಿದಾಗ ಹಳದಿಯಲ್ಲಿ 12.1 ವೋಲ್ಟ್, ಕೆಂಪಿನಲ್ಲಿ 5.05. ವೋಲ್ಟೇಜ್ ಸರಿಯಿದೆ, ಆದರೆ ಲೋಡ್ ಇಲ್ಲದ (ಬೋರ್ಡ್ ಜೋಡಿಸದೆ ಮಾಡಿದ) ಅಳತೆಯನ್ನು ಪೂರ್ತಿ ನಂಬುವಂತಿಲ್ಲ. ಬೇರೆ ಎಸ್‌ಎಂಪಿಎಸ್ ಹಾಕಿದರೂ ಅದೇ ಕಥೆ.

ಟಾರ್ಚ್ ಹಿಡಿದು ನೋಡಿದರೆ ಪ್ರೊಸೆಸರ್ ಪಕ್ಕದ ಮೂರು ಕೆಪಾಸಿಟರ್‌ಗಳ (ವಿದ್ಯುತ್ ಹಿಡಿದಿಡುವ ಪುಟ್ಟ ಡಬ್ಬಿಯಂಥ ಭಾಗಗಳ) ತಲೆ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಅಂಟು. ಮೂರೂ 6.3 ವೋಲ್ಟ್, 1500 ಮೈಕ್ರೋಫ್ಯಾರಡ್. ಅದೇ ವೋಲ್ಟ್, ಅದೇ ಮೈಕ್ರೋಫ್ಯಾರಡ್‌ನ, 105 ಡಿಗ್ರಿಯ ಲೋ ಇಎಸ್‌ಆರ್ (ಒಳಗಿನ ಪ್ರತಿರೋಧ ಕಡಿಮೆ ಇರುವ) ಕೆಪಾಸಿಟರ್‌ಗಳನ್ನೇ ಹಾಕಬೇಕು. ಮಾಮೂಲಿಯವು ಇಲ್ಲಿ ಬೇಗ ಕಾದು ಕೆಡುತ್ತವೆ. ನೆಗೆಟಿವ್ ಗುರುತು ಬೋರ್ಡಿನದಕ್ಕೆ ಹೊಂದಲೇಬೇಕು.

ಮೂರನ್ನೂ ಬದಲಿಸಿದ ಮೇಲೆ ಡಿಸ್‌ಪ್ಲೇ ಬಂತು, ಆದರೆ ವಿಂಡೋಸ್ ಲೋಗೋ ಹತ್ತಿರ ನೀಲಿ ಸ್ಕ್ರೀನ್, ಸ್ಟಾಪ್ ಕೋಡ್ 7ಬಿ, ಅಂದರೆ ವಿಂಡೋಸ್‌ಗೆ ಬೂಟ್ ಡಿಸ್ಕ್ ಸಿಗುತ್ತಿಲ್ಲ. ಬಯಾಸ್ (ಕಂಪ್ಯೂಟರ್ ಶುರುಮಾಡುವ ಪ್ರೋಗ್ರಾಂ) ಸೆಟ್ಟಿಂಗ್ ಉಳಿಸುವ 3 ವೋಲ್ಟಿನ ಸೀಮಾಸ್ ಬ್ಯಾಟರಿ 2.3 ವೋಲ್ಟಿಗೆ ಇಳಿದು ಸೆಟ್ಟಿಂಗ್ ಅಳಿಸಿಹೋಗಿತ್ತು, ಸಾಟಾ ಮೋಡ್ (ಡಿಸ್ಕ್ ಜೊತೆ ವ್ಯವಹರಿಸುವ ವಿಧಾನ) ಹಳೇ ಐಡಿಇಗೆ ಮರಳಿತ್ತು. ಹೊಸ ಸಿಆರ್2032 ಬ್ಯಾಟರಿ ಹಾಕಿ, ಮೊದಲಿದ್ದ ಎಎಚ್‌ಸಿಐ ಮೋಡನ್ನೇ ಆರಿಸಿ, ತಾರೀಖು ಸರಿಮಾಡಿದ ಮೇಲೆ ಡೆಸ್ಕ್‌ಟಾಪ್ ತೆರೆಯಿತು. ವಿಂಡೋಸ್ ಮತ್ತೆ ಹಾಕುವ ಅಗತ್ಯವೇ ಬೀಳಲಿಲ್ಲ.