ಓದುಗರ ಸ್ಪಂದನ: ಹದಿಮೂರರ ಪುಚ್ಚೆಗೆ ಬೇಸರವೋ, ನೋವೋ?

ಕಳೆದ ವಾರದ ಸಮಸ್ಯೆ: ಮಗಳು ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ನಮ್ಮ 13 ವರ್ಷದ ಬೆಕ್ಕು ಮಂಕಾಗಿದೆ. ಅರ್ಧಂಬರ್ಧ ತಿನ್ನುತ್ತದೆ, ಹಗಲಿಡೀ ಬಚ್ಚಲ ಒಲೆಯ ಬುಡದಲ್ಲೇ. ಇದು ಖಿನ್ನತೆಯೇ? (ಓದುಗಿ, ಬ್ರಹ್ಮಾವರ)

ಅಕ್ಕಾ, ಅಮ್ಮ ತೀರಿಕೊಂಡ ಮೇಲೆ ನಮ್ಮ ಬೆಕ್ಕೂ ಹೀಗೇ ಮೂಲೆ ಸೇರಿತ್ತು. ದುಃಖ ಅಂತ ಎರಡು ತಿಂಗಳು ಸುಮ್ಮನಿದ್ದೆವು. ಒಂದು ದಿನ ಜಗಲಿ ಕಟ್ಟೆಯ ಕೆಳಗೆ ಕೂತು ಮೇಲೆ ನೋಡಿತು, ಹಿಂಗಾಲು ಮಡಚಿತು, ಹಾರದೆ ತಿರುಗಿ ನಡೆಯಿತು. ಕಟ್ಟೆ ಎರಡಡಿಯೂ ಇಲ್ಲ. ಡಾಕ್ಟ್ರು ಕಾಲು ಒತ್ತಿ ನೋಡಿ ಗಂಟುನೋವು ಎಂದರು. ಬಾಯಿ ತೆರೆಸಿದರೆ ದವಡೆ ಹಲ್ಲಿನ ಬುಡ ಕೆಂಪಗೆ ಬಾತಿತ್ತು! ನೋವಾದರೆ ಬೆಕ್ಕು ನಾಯಿಯ ಹಾಗೆ ಕುಂಯ್ ಎನ್ನುವುದು ಕಡಿಮೆ, ಅಡಗಿ ಕೂರುತ್ತದೆ. ಬೆನ್ನಿನ ರೋಮ ಜಡೆಗಟ್ಟಿದೆಯಾ ನೋಡಿ, ಬಗ್ಗಿ ನೆಕ್ಕಿಕೊಳ್ಳಲು ಆಗದಿದ್ದರೂ ಹಾಗಾಗುತ್ತದೆ. ನೀರು ಜಾಸ್ತಿ ಕುಡಿಯುತ್ತಿದ್ದರೆ ಕಿಡ್ನಿ, ಥೈರಾಯ್ಡ್, ಸಕ್ಕರೆ ಮೂರೂ ಪರೀಕ್ಷೆ ಮಾಡಿಸಿ. ಎತ್ತಿಕೊಂಡು ಒಮ್ಮೆ, ಬರಿಗೈಯಲ್ಲಿ ಒಮ್ಮೆ ತೂಕದ ಮೆಷಿನ್ ಮೇಲೆ ನಿಂತು ಲೆಕ್ಕ ಇಡಿ. 4 ಕಿಲೋದ ಬೆಕ್ಕು ಅರ್ಧ ಕಿಲೋ ಇಳಿದರೆ, 60 ಕಿಲೋದ ಮನುಷ್ಯ ಏಳೂವರೆ ಕಿಲೋ ಇಳಿದ ಹಾಗೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆದೀತು.
– ಓದುಗಿ, ಕದ್ರಿ

ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಕಾಯಬೇಡಿ. ಬೆಕ್ಕು ಉಪವಾಸ ಬಿದ್ದರೆ ಮೈಕೊಬ್ಬು ಲಿವರಿಗೆ ತುಂಬುತ್ತದೆ, ದಪ್ಪ ಬೆಕ್ಕಾದರೆ ಇನ್ನೂ ಅಪಾಯ. ಬೂತಾಯಿ ಮೀನನ್ನು ಉಪ್ಪು, ಮೆಣಸು ಇಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ, ಉಗುರುಬೆಚ್ಚಗೆ ಇಡಿ. ಪ್ರಾಯಕ್ಕೆ ಮೂಗು ಮಂದ, ವಾಸನೆ ಬಂದರಷ್ಟೇ ಬಾಯಿ ಹಾಕುವುದು. ಕಿಡ್ನಿ ತೊಂದರೆ ಉಂಟೆಂದಾದರೆ ಮೀನು ಎಷ್ಟು ಎಂದು ಡಾಕ್ಟ್ರನ್ನೇ ಕೇಳಿ. ಜೂನ್, ಜುಲೈಯಲ್ಲಿ ಟ್ರಾಲ್ ಬೋಟು ಬಂದ್ ಆದಾಗ ಮೀನು ಸಿಗದೆ ನಮ್ಮ ಪುಚ್ಚೆಗೂ ಬೇಸರ ಬರುತ್ತದೆ, ಅದು ಬೇರೆ ವಿಷಯ ಮಾರಾಯ್ರೆ.
– ಓದುಗ, ಮಲ್ಪೆ

ಪರೀಕ್ಷೆ ಮಾಡಿಸಿ, ಸರಿ. ಆದರೆ ಬೇಸರವೂ ಸುಳ್ಳಲ್ಲ. ನಮ್ಮಲ್ಲಿ ಜೊತೆಯ ಬೆಕ್ಕು ಸತ್ತಾಗ ಉಳಿದ ಮುದುಕಿ ಬೆಕ್ಕಿನ ರಿಪೋರ್ಟ್ ಎಲ್ಲ ಸರಿ ಇತ್ತು, ಆದರೂ ಅದು ಆರು ವಾರ ಮೊದಲಿನಂತಾಗಲಿಲ್ಲ. ಮಗಳು ಊಟ ಹಾಕುತ್ತಿದ್ದ ಹೊತ್ತಿಗೇ, ಅದೇ ತಟ್ಟೆಯಲ್ಲಿ ಹಾಕಿ. ಅವಳ ಹಳೆ ಶಾಲು ಒಗೆಯದೆ ಹಾಸಿಕೊಡಿ. ಜೊತೆಗಿರಲಿ ಅಂತ ಮರಿ ತರಬೇಡಿ. ನಾನು ಮರಿ ತಂದಿದ್ದೆ, ಮುದುಕಿ ಮೂರು ದಿನ ಅಟ್ಟದಿಂದ ಇಳಿಯಲಿಲ್ಲ! ರಾತ್ರಿ ಸುಮ್ಮನೆ ಕೂಗತೊಡಗಿದರೆ ಬೈಯದೆ ಅದನ್ನೂ ಡಾಕ್ಟ್ರಿಗೆ ಹೇಳಿ. ಕಿವುಡು, ಬಿಪಿ, ಮರೆವು, ಯಾವುದೂ ಇರಬಹುದು.
– ಓದುಗಿ, ಕಾರ್ಕಳ

ವಿಡಿಯೋ ಕಾಲಲ್ಲಿ ಮಗಳ ಸ್ವರ ಕೇಳಿಸಿ ಅಂತ ಯಾರಾದರೂ ಹೇಳಿಯಾರು. ನಮ್ಮದು ಫೋನಿನ ಹಿಂದೆಲ್ಲ ಹುಡುಕಿ ಮತ್ತಷ್ಟು ಕೂಗಿತು. ಒಲೆಯ ಬುಡದಿಂದ ಎಬ್ಬಿಸಬೇಡಿ, ಗಂಟಿಗೆ ಬಿಸಿ ಹಿತ. ಬೆಳಿಗ್ಗೆ ಬೆಂಕಿ ಹಾಕುವ ಮುಂಚೆ ಮಾತ್ರ ಬೂದಿಯೊಳಗೆ ಒಮ್ಮೆ ಇಣುಕಿ ನೋಡಿ.
– ಓದುಗ, ಮೂಲ್ಕಿ